ಹಡಗಿನೂಟಕ್ಕೆ ಹರಕೆಯ ಅಂಗಿ

"ಮಕ್ಕಳು ಊಟದ ಹಾಲಿಗೆ ಈಜುವ ಬಟ್ಟೆಯಲ್ಲಿ ಬರುವಂತಿಲ್ಲ. ಟೋಪಿ ಹಾಕುವಂತಿಲ್ಲ. ಬರಿಗಾಲಲ್ಲಿ ಬರುವಂತಿಲ್ಲ," ಎಂದು ಇವೆಲಿಸ್ ಫೋನು ನೋಡಿಕೊಂಡು ಗಟ್ಟಿಯಾಗಿ ಓದಿದಳು. "ನಾಳೆ ಗಾಲಾ ರಾತ್ರಿ. ಗಂಡುಮಕ್ಕಳಿಗೆ ಕಾಲರಿರೋ ಶರ್ಟು, ಹೆಣ್ಣುಮಕ್ಕಳಿಗೆ ಒಳ್ಳೆ ಫ್ರಾಕು. ಕೇಳಿಸ್ತಾ ಅಮ್ಮಾ? ಒಳ್ಳೆ ಫ್ರಾಕು ಅಂದಿದ್ದಾರೆ. ಗೋಣಿಚೀಲ ಅಂದಿಲ್ಲ."

"ಹರಕೆ ಅಂಗಿ ಬೇಡ ಅಂತಲೂ ಅಂದಿಲ್ಲವಲ್ಲ," ಎಂದಳು ಪ್ರೊವಿ.

ಹಡಗಿನ ಕೋಣೆ ಎಂದರೆ ಎಷ್ಟು ದೊಡ್ಡದಿದ್ದೀತು? ಅಲ್ಲಿ ಇಬ್ಬರು ಜಗಳವಾಡಬೇಕಾದರೆ ಒಬ್ಬರು ಮಂಚದ ಮೇಲೆ ಕೂರಲೇಬೇಕು. ಪ್ರೊವಿ ಕೂತಿದ್ದಳು, ಮಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅಳಿಯ ವಿಲ್ಫ್ರೆದೊ ಇಂಥ ಹೊತ್ತಿನಲ್ಲಿ ಎಲ್ಲಿರಬೇಕೋ ಅಲ್ಲೇ ಇದ್ದ: ಮೇಲಿನ ಅಂತಸ್ತಿನಲ್ಲಿ, ತಿಂಡಿ ಮೇಜಿನ ಮುಂದೆ. ಮೊಮ್ಮಗಳು ನಾಶಲಿ ಮಾತ್ರ ಇಬ್ಬರ ನಡುವೆ ಸಿಕ್ಕಿಕೊಂಡು, ಕಪಾಟಿನ ಬಾಗಿಲಿಗೆ ತೂಗುಹಾಕಿದ್ದ ಹಳದಿ ಫ್ರಾಕನ್ನು ನೋಡುತ್ತಿದ್ದಳು. ಪದರ ಪದರ ಜಾಲರಿಯ ಆ ಫ್ರಾಕಿನ ಬೆನ್ನಿಗೆ ಮಗುವಿನ ತಲೆಗಿಂತ ದೊಡ್ಡ ರಿಬ್ಬನ್ ಗಂಟು. ಹಡಗು ಅಲ್ಲಾಡಿದಾಗಲೆಲ್ಲ ಅದೂ ಬಾ ಬಾ ಎನ್ನುವಂತೆ ಅಲ್ಲಾಡುತ್ತಿತ್ತು.

"ಒಂದೇ ಒಂದು ರಾತ್ರಿ ಅಮ್ಮಾ. ನಡುಸಮುದ್ರದಲ್ಲಿ ಯಾರು ನೋಡ್ತಾರೆ?"

ಪ್ರೊವಿಗೆ ರೇಗಿಹೋಯಿತು. "ಯಾರು ನೋಡ್ತಾರಾ? ಬೇರೆ ಯಾವ ಸಂತರಿಗಾದ್ರೂ ಹೊತ್ತಿದ್ರೆ ಬಿಡು ಅನ್ನಬಹುದಿತ್ತು. ನಾನು ಹೊತ್ತಿರೋದು ಕಾರ್ಮೆನ್ ಮಾತೆಗೆ! ಸಮುದ್ರ ಯಾರದು? ಆಕೇದು. ಆಕೆ ಅಂಗಳದಲ್ಲೇ ನಿಂತ್ಕೊಂಡು ಆಕೆಗೇ ಟೋಪಿ ಹಾಕು ಅಂತೀಯಾ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ನಿಂಗೆ?"

ಇವೆಲಿಸ್ ಬ್ಯಾಂಕಿನಲ್ಲಿ ಸಿಟ್ಟು ಬಂದ ಗಿರಾಕಿಗಳನ್ನು ಸಮಾಧಾನ ಮಾಡುವ ಕೆಲಸದಲ್ಲಿದ್ದವಳು. ಆ ವಿದ್ಯೆ ತಾಯಿಯ ಮುಂದೆ ಎಂದೂ ನಡೆದಿರಲಿಲ್ಲ. ಅವಳು ಕಣ್ಣು ಮುಚ್ಚಿ ಒಂದು ಉಸಿರೆಳೆದುಕೊಂಡು ಹೊರಗೆ ಹೋದಳು.

ಹರಕೆಯ ಕಥೆ ಇಷ್ಟು. ಕಳೆದ ಆಗಸ್ಟಿನಲ್ಲಿ ನಾಶಲಿಗೆ ಡೆಂಗಿ ಬಂದಿತ್ತು. ಆಸ್ಪತ್ರೆಯಲ್ಲಿ ಮಗು ಕಣ್ಣು ಬಿಡದೆ ಮಲಗಿದ್ದಾಗ, ಪ್ರೊವಿ ಗೋಡೆಯ ಕಡೆ ತಿರುಗಿ ಕೈಮುಗಿದು ಹೇಳಿಬಿಟ್ಟಳು: "ತಾಯೀ, ಈ ಮಗೂನ ಉಳಿಸಿಕೊಡು. ಜುಲೈನಲ್ಲಿ ನಿನ್ನ ಹಬ್ಬ ಬರೋವರೆಗೂ ದಿನಾ ಸಂಜೆ ನಿನ್ನ ಕಂದು ಅಂಗಿ ಹಾಕ್ಕೊಂಡಿರ್ತಾಳೆ." ಮರುದಿನ ಜ್ವರ ಇಳಿಯಿತು. ಡಾಕ್ಟರರು ಗ್ಲೂಕೋಸಿನಿಂದ ಎಂದರು. ಅವರೂ ಓದಿದವರು, ಹೇಳಲಿ ಎಂದು ಪ್ರೊವಿ ಸುಮ್ಮನಿದ್ದಳು. ವಾರದೊಳಗೆ ಕಂದು ಬಟ್ಟೆ ತಂದು, ಕಾಲ ಗಿಣ್ಣಿನವರೆಗೆ ಇಳಿಯುವ ನಿಲುವಂಗಿ ಹೊಲಿದು, ಸೊಂಟಕ್ಕೆ ಬಿಳಿ ಹುರಿ ಕಟ್ಟಿದಳು.

ಅಲ್ಲಿಂದ ಶುರು. ಹಗಲು ಶಾಲೆಯ ಸಮವಸ್ತ್ರ, ಸಂಜೆ ಕಂದು ಅಂಗಿ. ಸೋದರತ್ತೆಯ ಮಗಳ ಹುಟ್ಟುಹಬ್ಬಕ್ಕೆ ಎಲ್ಲ ಮಕ್ಕಳೂ ಗುಲಾಬಿ ಬಣ್ಣದಲ್ಲಿ ಮಿಂಚುತ್ತಿದ್ದರೆ ನಾಶಲಿ ಕಂದು. ಮಕ್ಕಳಿಗೆ ಉಡುಗೊರೆ ಸಿಗುವ ಮೂವರು ಅರಸರ ಹಬ್ಬದಂದೂ ಕಂದು. ತಮ್ಮ ಕತಾನ್ಯೊ ಊರಿನಲ್ಲಿ ಅದನ್ನು ಕಂಡು ನಕ್ಕವರು ಯಾರೂ ಇಲ್ಲ. ಅಲ್ಲಿ ಮೀನುಗಾರರ ಮನೆಮನೆಯಲ್ಲೂ ಕಾರ್ಮೆನ್ ಮಾತೆ ಇದ್ದಾಳೆ, ಹರಕೆ ಹೊತ್ತವರೂ ಇದ್ದಾರೆ. "ಅಯ್ ಬೆಂದಿತೊ, ಚಿನ್ನದಂಥ ಮಗು!" ಎಂದು ಕೆನ್ನೆ ಹಿಂಡಿ, ಕೈಗೊಂದು ಮಿಠಾಯಿ ಇಡುತ್ತಿದ್ದರು. ಮಗು ಒಮ್ಮೆಯೂ ಬೇಡ ಎಂದಿರಲಿಲ್ಲ. ಬೇಡ ಎನ್ನದಿದ್ದರೆ ಬೇಕು ಎಂದೇ ಅರ್ಥ ಎಂದು ಪ್ರೊವಿ ನಂಬಿಕೊಂಡಿದ್ದಳು.

ಇನ್ನೊಂದು ವಿಷಯ ಪ್ರೊವಿ ಯಾರಿಗೂ ಹೇಳಿರಲಿಲ್ಲ. ಅವಳ ಸೂಟ್‌ಕೇಸಿನ ತಳದಲ್ಲಿ, ಒಳಬಟ್ಟೆಗಳ ಕೆಳಗೆ, ಟವಲಿನಲ್ಲಿ ಸುತ್ತಿಟ್ಟ ನೇರಳೆ ಬಣ್ಣದ ಗೌನೊಂದಿತ್ತು. ಮೈತುಂಬ ಚಮಕಿ, ಒಂದು ಭುಜ ಮುಚ್ಚಿ ಒಂದು ಭುಜ ಬಿಟ್ಟದ್ದು. ಕತಾನ್ಯೊ ಇರುವುದು ಸಾನ್ ಹುವಾನ್ ಬಂದರಿನ ಎದುರು ದಡದಲ್ಲಿ. ಪ್ರೊವಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ದಿನಾ ದೋಣಿ ಹತ್ತಿ ಇಂಥದೇ ಬಿಳಿ ವಿಹಾರ ಹಡಗುಗಳ ಪಕ್ಕದಲ್ಲೇ ಹಾದುಹೋಗುತ್ತಿದ್ದಳು. ಭಾನುವಾರ ಸಂಜೆ ದಡದಲ್ಲಿ ಕೂತು ಬಕಲಾಯಿತೊ ಎಂಬ ಮೀನಿನ ವಡೆ ತಿನ್ನುತ್ತ, ದೀಪ ಹಚ್ಚಿಕೊಂಡು ಹೊರಡುವ ಹಡಗುಗಳನ್ನು ನೋಡುತ್ತ, ಒಳಗಿನ ಹೆಂಗಸರು ಈಗ ಏನು ಉಟ್ಟು ಊಟಕ್ಕಿಳಿಯುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಈಗ ಮಗಳು ಅಳಿಯ ಸೇರಿ ಕರೆದುಕೊಂಡು ಬಂದಿದ್ದಾರೆ. ಗಾಲಾ ರಾತ್ರಿ ಮೆಟ್ಟಿಲಿಳಿದು ಬಂದು ಎಲ್ಲರ ಬಾಯಿ ಮುಚ್ಚಿಸಬೇಕು ಎಂಬುದು ಅವಳ ಯೋಜನೆ.

ತಾನು ಚಮಕಿ, ಮಗು ಕಂದು. ಇದರಲ್ಲೇನಾದರೂ ಎಡವಟ್ಟಿದೆ ಎಂದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಪ್ರೊವಿ ಕೆಟ್ಟವಳಲ್ಲ, ಆದರೆ ತನ್ನ ಮೂಗಿನ ನೇರಕ್ಕೆ ನೋಡುವವಳು.

ಆ ಸಂಜೆ ಊಟದ ಹಾಲಿನಲ್ಲಿ ಜನವೋ ಜನ. ಒಂದೊಂದು ಕುಟುಂಬದವರೂ ಮನೆತನದ ಹೆಸರು ಅಚ್ಚು ಹಾಕಿಸಿದ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಮೇಜಿನಿಂದ ಮೇಜಿಗೆ ಕೂಗಿ ಮಾತಾಡುತ್ತಿದ್ದರು. ಪಕ್ಕದ ಮೇಜಿನ ಹುಡುಗನೊಬ್ಬ ನಾಶಲಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

"ನಿನ್ನ ಬಟ್ಟೆ ಎಲ್ಲ ಕಳೆದುಹೋಯ್ತಾ?"

"ಇಲ್ಲ. ನಿನ್ನ ಹಲ್ಲೇ ಕಳೆದುಹೋಗಿರೋದು," ಎಂದಳು ನಾಶಲಿ.

ಭೇಷ್ ಎಂದುಕೊಂಡಳು ಪ್ರೊವಿ. ಆದರೆ ಮರುಕ್ಷಣವೇ ಮಗು ಮೇಜಿನ ಮೇಲಿದ್ದ ದೊಡ್ಡ ಬಿಳಿ ಕೈವಸ್ತ್ರವನ್ನು ಬಿಡಿಸಿ ಕುತ್ತಿಗೆಗೆ ಸಿಕ್ಕಿಸಿಕೊಂಡಳು. ಅಮ್ಮನ ಕೈವಸ್ತ್ರವನ್ನೂ ಎಳೆದುಕೊಂಡು ತೊಡೆಯ ಮೇಲೆ ಹಾಸಿದಳು. ಅಪ್ಪನದನ್ನು ಪಕ್ಕಕ್ಕೆ ತುರುಕಿದಳು. ಕಂದು ಬಣ್ಣ ಎಲ್ಲೂ ಕಾಣದಂತಾದ ಮೇಲೆ ನೆಟ್ಟಗೆ ಕೂತು, "ನಂಗೆ ಫ್ಲಾನ್ ಬೇಕು," ಎಂದು ಸಿಹಿತಿಂಡಿಯ ಕಡೆ ಕೈ ತೋರಿಸಿದಳು.

ವಿಲ್ಫ್ರೆದೊ ಬಾಯಿ ಒರೆಸಿಕೊಳ್ಳಲು ಗತಿಯಿಲ್ಲದೆ ಕೈಯಲ್ಲೇ ಒರೆಸಿಕೊಂಡ. ಪ್ರೊವಿ ಚಮಚ ಕೆಳಗಿಟ್ಟಳು. ಇಷ್ಟು ತಿಂಗಳು ಮಗು ಹೀಗೆ ಎಲ್ಲೆಲ್ಲಿ ಏನೇನು ಮುಚ್ಚಿಕೊಂಡಿತ್ತೋ ಎಂದು ಸಂಕಟವಾಯಿತು. ಹಾಗಂತ ಅಂಗಿ ಬಿಚ್ಚಿಸುವುದೇ? ಆಸ್ಪತ್ರೆಯ ಆ ಗೋಡೆ, ಆ ಮುಚ್ಚಿದ ಕಣ್ಣು ಅವಳಿಗೆ ನೆನಪಾದವು. ಹಬ್ಬಕ್ಕೆ ಇನ್ನೂ ಕೆಲವು ಸಂಜೆಗಳಿದ್ದವು. ದಡ ಮುಟ್ಟುವ ಮುಂಚೆ ಮಾತು ಮುರಿದು, ಮಗುವಿಗೆ ಏನಾದರೂ ಆಗಿಬಿಟ್ಟರೆ?

ಮಲಗುವಾಗ ನಾಶಲಿ ಅಜ್ಜಿಯನ್ನು ಮೆಲ್ಲಗೆ ಕೇಳಿದಳು: "ಅಬುಯೆಲಾ, ಕಾರ್ಮೆನ್ ಮಾತೆಗೆ ಹಳದಿ ಬಣ್ಣ ಕಂಡ್ರೆ ಆಗಲ್ವಾ?"

"ಮಲ್ಕೋ ನೇನಾ," ಎಂದಳು ಪ್ರೊವಿ.

ಬೆಳಗಾದ ಕೂಡಲೇ ಅವಳು ಪಾದ್ರಿಗಳನ್ನು ಹುಡುಕಿಕೊಂಡು ಹೊರಟಳು. ಹಡಗಿನಲ್ಲಿ ಭಾನುವಾರದ ಪೂಜೆ ಮಾಡಿಸಿದ ಫಾದರ್ ಇಸಾಯಾಸ್ ಎಂಬ ನಿವೃತ್ತರು ಈಜುಕೊಳದ ಪಕ್ಕ ಹೂವಿನ ಶರ್ಟು ತೊಟ್ಟು, ಮೂವರು ಮುದುಕರ ಜೊತೆ ದೊಮಿನೊ ಆಡುತ್ತಿದ್ದರು. ಪ್ರೊವಿ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಮುದುಕರು ಆಟ ನಿಲ್ಲಿಸಿ ಕಿವಿಗೊಟ್ಟರು.

"ಹರಕೆ ಹೊತ್ತಿದ್ದು ಯಾರು?" ಎಂದರು ಫಾದರ್.

"ನಾನು."

"ಆ ಮಗು ಬಾಯಲ್ಲಿ ಏನಾದ್ರೂ ಹೇಳಿತ್ತಾ?"

"ಅದಕ್ಕೆ ಪ್ರಜ್ಞೆನೇ ಇರಲಿಲ್ಲ, ಫಾದರ್."

"ಹಾಗಾದ್ರೆ ಅದು ಮಗುವಿನ ಹರಕೆ ಅಲ್ಲ, ದೊನ್ಯಾ ಪ್ರೊವಿ. ಹರಕೆ ಹೊತ್ತವರನ್ನ ಮಾತ್ರ ಕಟ್ಟುತ್ತೆ. ಇನ್ನೊಬ್ಬರ ಮೈಮೇಲೆ ನೀವು ಮಾತು ಕೊಡೋಕೆ ಬರಲ್ಲ. ಮಗು ಹಳದಿ ಹಾಕ್ಲಿ, ಹಸಿರು ಹಾಕ್ಲಿ, ಧಾರಾಳವಾಗಿ ಹಾಕ್ಲಿ."

ಪ್ರೊವಿಗೆ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಇಳಿದ ಕಲ್ಲು ಸೀದಾ ಕಾಲಿನ ಮೇಲೆ ಬಿತ್ತು.

"ಮತ್ತೆ ಮಾತೆಗೆ ಕೊಟ್ಟ ಮಾತು? ಅದು ಯಾರ ತಲೆ ಮೇಲಿದೆ?"

ಫಾದರ್ ಕೈಯಲ್ಲಿದ್ದ ದೊಮಿನೊ ತುಂಡನ್ನು ತಿರುಗಿಸುತ್ತ ನಕ್ಕರು. "ಇನ್ಯಾರ ತಲೆ ಮೇಲಿರುತ್ತೆ? ಆದ್ರೆ ಗಾಬರಿ ಬೇಡ. ಬಟ್ಟೆ ಬದಲು ಜಪ ಮಾಡಿ ಅಂತ ನಾನು ಹರಕೆನೇ ಬದಲಾಯಿಸಿಕೊಡ್ತೀನಿ. ಒಂದು ಜಪಮಾಲೆ ಹೇಳಿ, ಮುಗೀತು."

ಎಂಥ ಸುಲಭದ ದಾರಿ! ಒಂದು ಕ್ಷಣ ಪ್ರೊವಿಯ ಕಣ್ಣಮುಂದೆ ನೇರಳೆ ಗೌನು ಮಿಂಚಿತು, ಮೆಟ್ಟಿಲೂ ಮಿಂಚಿತು. ಆಮೇಲೆ ಅವಳು ತಲೆಯಾಡಿಸಿದಳು.

"ಬೇಡ ಫಾದರ್. ಮೀನಿನ ಮಾರ್ಕೆಟ್ಟಲ್ಲಿ ಚೌಕಾಸಿ ಮಾಡ್ತೀನಿ, ಆಕೆ ಹತ್ರ ಮಾಡಲ್ಲ. ನಾನು ಮಗು ಕೇಳ್ದಾಗ ಆಕೆ ಅರ್ಧ ಮಗು ಕೊಟ್ಟಳಾ? ಇಡೀ ಮಗೂನೇ ಕೊಟ್ಟಳು."

"ಇದಕ್ಕೆ ಇಡೋ ತುಂಡು ನನ್ನ ಹತ್ರ ಇಲ್ಲ," ಎಂದು ಫಾದರ್ ಆಟ ಬಿಟ್ಟುಕೊಡುವವರಂತೆ ಮೇಜು ತಟ್ಟಿದರು.

ಮಾತೇನೋ ಆಯಿತು, ಬಟ್ಟೆ? ಮಗುವಿನ ಅಂಗಿ ಪ್ರೊವಿಯ ಒಂದು ತೋಳಿಗೂ ಸಾಲದು. ಹಡಗಿನ ಅಂಗಡಿಗಳಲ್ಲಿ ಸುಗಂಧ, ಗಡಿಯಾರ, ಚಿನ್ನದ ಸರ ಎಲ್ಲ ಇತ್ತು, ಒಂದು ಗಜ ಕಂದು ಬಟ್ಟೆ ಇರಲಿಲ್ಲ. ಕೋಣೆಗೆ ಬಂದು ಸೋತು ಮಂಚದ ಮೇಲೆ ಕೂತಾಗ ಪಕ್ಕದಲ್ಲೇ ಅದು ಕಂಡಿತು. ಹಾಸಿಗೆಯ ಕಾಲ್ದೆಸೆಯಲ್ಲಿ ಚಂದಕ್ಕೆಂದು ಅಡ್ಡಲಾಗಿ ಹಾಸಿಡುವ ಅಗಲ ಪಟ್ಟಿ. ಗಟ್ಟಿ ಬಟ್ಟೆ, ಕಾಫಿಪುಡಿಯ ಬಣ್ಣ, ಸಾಕ್ಷಾತ್ ಕಾರ್ಮೆನ್ ಮಾತೆಯ ಕಂದು.

ಕೋಣೆ ಗುಡಿಸಲು ಬಂದ ಹೊಂಡುರಾಸ್ ದೇಶದ ಓರ್ಲಿನ್ ಅವಳ ಉಪಾಯ ಕೇಳಿ ಮೊದಲು ಹೆದರಿದ.

"ಸೆನ್ಯೋರಾ, ಅದಕ್ಕೆ ಕತ್ತರಿ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ."

"ಕತ್ತರಿ ಯಾರು ಹಾಕ್ತಾರಪ್ಪಾ? ಬರೀ ದೊಡ್ಡ ದೊಡ್ಡ ಹೊಲಿಗೆ ಹಾಕ್ತೀನಿ. ಇಳಿಯೋ ಮುಂಚೆ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಕೊಡ್ತೀನಿ. ನಿಮ್ಮಮ್ಮ ಯಾವತ್ತೂ ಹರಕೆ ಹೊತ್ತಿಲ್ವಾ?"

ಓರ್ಲಿನ್ ಪ್ರೊವಿಯ ಮೈಕಟ್ಟನ್ನು ಕಣ್ಣಲ್ಲೇ ಅಳೆದ. ಆಮೇಲೆ ಗಾಡಿಯಿಂದ ಇನ್ನೂ ಎರಡು ಪಟ್ಟಿ ತಂದು ಮಂಚದ ಮೇಲಿಟ್ಟು, "ಹಿಂದೆ ಒಂದು ಸಾಲದು, ಸೆನ್ಯೋರಾ," ಎಂದು ಬಹಳ ಮರ್ಯಾದೆಯಿಂದ ಹೇಳಿ ಹೋದ.

ಸಂಜೆ ನಾಶಲಿ ಎಂದಿನಂತೆ ಕಂದು ಅಂಗಿಗೆ ಕೈ ಚಾಚಿದಾಗ ಪ್ರೊವಿ ಅದರ ಬಿಳಿ ಹುರಿಯನ್ನು ಎಳೆದು ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಹುರಿ ಒಂದೇ ಸುತ್ತಿಗೆ ಮುಗಿಯಿತು, ಗಂಟು ಹಾಕುವುದೇ ಕಷ್ಟವಾಯಿತು.

"ಮಾತು ಕೊಟ್ಟವಳು ನಾನು. ಇನ್ಮೇಲೆ ನಾನು ಹಾಕ್ಕೋತೀನಿ. ನೀನು ಹೋಗು, ಆ ಹಳದಿದನ್ನ ಇಳಿಸ್ಕೋ."

ನಾಶಲಿ ನಂಬದೆ ಅಮ್ಮನ ಮುಖ ನೋಡಿದಳು. ಇವೆಲಿಸ್ ನಂಬದೆ ತಾಯಿಯ ಮುಖ ನೋಡಿದಳು.

"ನಿಜವಾಗ್ಲೂ? ನಂಗೆ ಮತ್ತೆ ಜ್ವರ ಬರಲ್ವಾ?"

"ಬರಲ್ಲ. ಫಾದರ್ ಹತ್ರ ಕೇಳ್ಕೊಂಡು ಬಂದಿದೀನಿ."

"ನಿಂಗೆ ಬೇಜಾರಿಲ್ವಾ ಅಬುಯೆಲಾ? ಗಾಲಾಕ್ಕೆ ನಿನ್ನ ಹತ್ರ ಬೇರೆ ಡ್ರೆಸ್ ಇಲ್ವಾ?"

"ಈ ವಯಸ್ಸಲ್ಲಿ ನಂಗೇನು ಡ್ರೆಸ್ಸು!" ಎಂದಳು ಪ್ರೊವಿ. ಸೂಟ್‌ಕೇಸನ್ನು ಕಾಲಿನಿಂದ ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಊಟದ ಹಾಲಿನ ಬಾಗಿಲಲ್ಲಿ ಕಪ್ಪು ಕೋಟಿನ ಮೇಲ್ವಿಚಾರಕ ಎಲ್ಲರಿಗೂ ತಲೆಬಾಗುತ್ತಿದ್ದ. ನಾಶಲಿಗೆ ಬಾಗಿದ, "ಎಂಥ ಚಂದದ ಫ್ರಾಕು, ರಾಜಕುಮಾರಿ!" ಎಂದ. ಹಿಂದೆ ಬಂದ ಪ್ರೊವಿಯನ್ನು ಕಂಡು ಅರ್ಧ ಬಾಗಿದವನು ಅಲ್ಲೇ ನಿಂತುಬಿಟ್ಟ.

"ಸೆನ್ಯೋರಾ, ಕ್ಷಮಿಸಿ, ಈ ಬಟ್ಟೆಯನ್ನ ನಾನು ಎಲ್ಲೋ ನೋಡಿದ ಹಾಗಿದೆ."

"ನಿನ್ನೆ ರಾತ್ರಿ ನೋಡಿರ್ತೀಯ. ನಿನ್ನ ಮಂಚದ ಮೇಲೆ."

ನೇರಳೆ, ಬೆಳ್ಳಿ, ಕೆಂಪು, ಎಲ್ಲ ಬಣ್ಣದ ಗೌನುಗಳ ನಡುವೆ ಪ್ರೊವಿ ನಡೆದಳು. ನೇರಳೆ ಗೌನೊಂದು ಎದುರಾದಾಗ ಮಾತ್ರ ಕಣ್ಣು ಬೇರೆ ಕಡೆ ತಿರುಗಿಸಿದಳು. ನಾಲ್ಕನೇ ಮೇಜಿನ ದಪ್ಪ ಹೆಂಗಸೊಬ್ಬಳು, "ಅಯ್ಯೋ, ಅದು ನಮ್ಮ ಹಾಸಿಗೆ ಮೇಲಿರೋದು ಕಣ್ರೇ!" ಎಂದು ಕಿರುಚಿದಳು. ಹಾಲಿಗೆ ಹಾಲೇ ನಕ್ಕಿತು.

ಪ್ರೊವಿ ನಿಂತು ತಿರುಗಿದಳು. "ಹೌದು ತಾಯಿ, ಅದೇ. ನಿಂದು ನಿನ್ನ ಕಾಲ ಕೆಳಗೆ ಸುಮ್ನೆ ಬಿದ್ಕೊಂಡಿದೆ. ನಂದು ಕಾರ್ಮೆನ್ ಮಾತೆ ಹರಕೆ ತೀರಿಸ್ತಿದೆ."

ನಗು ನಿಂತಿತು. ಆ ದಪ್ಪ ಹೆಂಗಸು ಕುರ್ಚಿ ಸರಿಸಿ ಎದ್ದಳು. ಜಗಳಕ್ಕೆ ಬಂದಳೇನೋ ಎಂದು ವಿಲ್ಫ್ರೆದೊ ಮೇಜಿನ ಹಿಂದೆ ಸರಿದ. ಅವಳು ಬಂದು ಪ್ರೊವಿಯ ಹುರಿಯ ತುದಿಯನ್ನು ಹಿಡಿದು ಮುತ್ತಿಟ್ಟಳು. "ಯಾರಿಗೋಸ್ಕರ ದೊನ್ಯಾ?" ಪ್ರೊವಿ ಹಳದಿ ಫ್ರಾಕಿನ ಕಡೆ ಗದ್ದ ಎತ್ತಿ ತೋರಿಸಿದಳು. ಆಮೇಲೆ ಕೇಳಬೇಕೇ, ಸಾನ್ ಹುವಾನಿನಿಂದ ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಬಂದು ಮಗುವಿನ ಕೆನ್ನೆ ಹಿಂಡಿದರು. ನಾಶಲಿಯ ಮುಂದೆ ನಾಲ್ಕು ತಟ್ಟೆ ಫ್ಲಾನ್ ಸೇರಿತು.

ಸೂಪು ಕುಡಿಯುವಾಗ ನಾಶಲಿ ಜೋರಾಗಿ ಸೀನಿದಳು. ಪ್ರೊವಿ ಗಾಬರಿಯಲ್ಲಿ ಎದೆಯ ಮೇಲಿನ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಚಾವಣಿಯ ದೀಪದ ಗೊಂಚಲಿಗೆ ತೋರಿಸುತ್ತ, "ಹಾಕ್ಕೊಂಡಿದೀನಿ ತಾಯಿ, ಇಲ್ನೋಡು, ಹಾಕ್ಕೊಂಡಿದೀನಿ!" ಎಂದಳು.

"ಮೆಣಸು, ಅಬುಯೆಲಾ," ಎಂದಳು ನಾಶಲಿ ಮೂಗು ಉಜ್ಜಿಕೊಳ್ಳುತ್ತ.

ಆ ರಾತ್ರಿ ಮಗು ಕುಣಿದದ್ದೇ ಕುಣಿದದ್ದು. ಕೈವಸ್ತ್ರ ಮೇಜಿನ ಮೇಲೆ ಮಡಿಸಿದಂತೆಯೇ ಉಳಿಯಿತು, ಫ್ರಾಕಿನ ಮೇಲೆ ಟೊಮೇಟೊ ಸಾರಿನ ದೊಡ್ಡ ಕಲೆಯೂ ಉಳಿಯಿತು.

ಮುಂದಿನ ಸಂಜೆಗಳಲ್ಲೂ ಪ್ರೊವಿ ಅದನ್ನೇ ತೊಟ್ಟಳು. ಸೆಕೆಗೆ ಬೆವತು, ಬೈದುಕೊಂಡು, ಆದರೂ ತೊಟ್ಟಳು. ಕೊನೆಯ ದಿನ ಕಾರ್ಮೆನ್ ಮಾತೆಯ ಹಬ್ಬ ಬಂತು. ಕತಾನ್ಯೊದಲ್ಲಿ ಆ ಹೊತ್ತಿಗೆ ದೋಣಿಗಳ ಮೆರವಣಿಗೆ ಹೊರಟಿರುತ್ತದೆ. ಪ್ರೊವಿ ಹಡಗಿನ ಕಟಕಟೆ ಹಿಡಿದು ನಿಂತು, "ಈ ವರ್ಷ ನಿನ್ನ ಮೆರವಣಿಗೆಗೆ ದೊಡ್ಡ ದೋಣಿನೇ ತಂದಿದೀನಿ," ಎಂದು ನೀರಿಗೆ ಹೇಳಿ, ಹೂವು ಎಸೆದು, ಹುರಿ ಬಿಚ್ಚಿದಳು. ಹರಕೆ ತೀರಿತು. ಪಟ್ಟಿಗಳ ಹೊಲಿಗೆ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಓರ್ಲಿನ್ ಕೈಗಿಟ್ಟಳು.

ಮಧ್ಯಾಹ್ನ ಸಾಮಾನು ಕಟ್ಟುವಾಗ ಇವೆಲಿಸ್ ತಾಯಿಯ ಸೂಟ್‌ಕೇಸಿನ ತಳದಲ್ಲಿದ್ದ ಟವಲನ್ನು ಬಿಡಿಸಿದಳು. ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಅವಳು ಗೌನನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತುಬಿಟ್ಟಳು.

"ಇದು ಗಾಲಾ ರಾತ್ರಿಗೆ ತಂದಿದ್ದಾ?"

ಪ್ರೊವಿ ಬಾಚಣಿಗೆ ಹುಡುಕುವ ನಾಟಕ ಮಾಡಿದಳು.

"ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ರೆ ನೀನು 'ಹಾಕ್ಕೋ' ಅಂತಿದ್ದೆ. ನೀನು 'ಹಾಕ್ಕೋ' ಅಂದಿದ್ರೆ ನಾನು ಹಾಕ್ಕೊಂಡುಬಿಡ್ತಿದ್ದೆ."

ಇವೆಲಿಸ್‌ಗೆ ನಗುವೂ ಬಂತು, ಅಳುವೂ ಬಂತು. ಗೋಣಿಚೀಲ ಎಂದದ್ದು ನೆನಪಾಗಿ ನಾಚಿಕೆಯೂ ಆಯಿತು. "ಇವತ್ತು ಹಾಕ್ಕೋ," ಎಂದಳು.

"ನಿಂಗೆ ತಲೆ ಕೆಟ್ಟಿದ್ಯಾ? ಇವತ್ತು ಜನ ಚಡ್ಡಿ ಚಪ್ಪಲೀಲಿ ಊಟಕ್ಕೆ ಬರ್ತಾರೆ. ನಾನೊಬ್ಬಳೇ ಚಮಕಿ ಮೆತ್ಕೊಂಡು ಹೋದ್ರೆ ಮುದುಕಿಗೆ ಹುಚ್ಚು ಅಂತಾರೆ. ಬೇಡ, ಮಡಿಚಿಡು. ಯಾರದ್ದಾದ್ರೂ ಮದುವೆಗೆ ಆಗುತ್ತೆ."

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು. ನಾಶಲಿ ನಿಂತಿದ್ದಳು, ಹಳದಿ ಫ್ರಾಕಿನಲ್ಲಿ. ಎದೆಯ ಮೇಲೆ ಟೊಮೇಟೊ ಕಲೆ, ಬೆನ್ನಿನ ದೊಡ್ಡ ಗಂಟು ಸೊಟ್ಟಗೆ ಕಟ್ಟಿಕೊಂಡು ಸೊಂಟದ ಪಕ್ಕಕ್ಕೆ ಬಂದಿತ್ತು.

"ನೀನೊಬ್ಬಳೇ ಅಲ್ಲ ಅಬುಯೆಲಾ. ಬೇಗ ಹಾಕ್ಕೋ, ನಂಗೆ ಹಸಿವು."

ಊಟದ ಹಾಲಿನ ತುಂಬ ಟೀ ಶರ್ಟುಗಳು, ಚಡ್ಡಿಗಳು, ಬಿಸಿಲಿಗೆ ಸುಲಿದ ಮೂಗುಗಳು. ಅಜ್ಜಿ ಮೊಮ್ಮಗಳು ಕೈ ಕೈ ಹಿಡಿದು ಮೆಟ್ಟಿಲಿಳಿದರು, ಒಬ್ಬಳು ನೇರಳೆ, ಒಬ್ಬಳು ಹಳದಿ. ಚಮಚದ ಸದ್ದು ನಿಂತಿತು. ದಪ್ಪ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟಿದಳು, "ಇದು ಯಾವ ಮಂಚದ್ದು ದೊನ್ಯಾ?" ಎಂದು ಕೂಗಿದಳು. ಪ್ರೊವಿ ಬಿಟ್ಟ ಭುಜವನ್ನು ಕುಣಿಸಿ ತೋರಿಸಿದಳು.

ಮೇಜಿಗೆ ಕೂತಾಗ ಮೇಲ್ವಿಚಾರಕ ತಾನೇ ಬಂದು ಬಿಳಿ ಕೈವಸ್ತ್ರ ಕೊಡವಿ, ಕಲೆಯಾದೀತೆಂದು ಪ್ರೊವಿಯ ಎದೆಯ ಮೇಲೆ ಹರಡಲು ಬಾಗಿದ. ಅವಳು ಅವನ ಕೈ ಹಿಡಿದು ತಡೆದಳು.

"ತೆಗಿ ಅದನ್ನ. ನಮ್ಮದೇನೂ ಮುಚ್ಚೋದಿಲ್ಲ."

"ನಂದೂ ಬೇಡ," ಎಂದಳು ನಾಶಲಿ, ಮತ್ತು ಟೊಮೇಟೊ ಸಾರನ್ನು ತನ್ನ ಕಡೆಗೆ ಎಳೆದುಕೊಂಡಳು.